ಬಾಯಿ ಹೊಲಿದ ಕೆರೆ: ಒಂದು ಸಂಸ್ಥೆಯ ಸಿಬ್ಬಂದಿ ಎಲ್ಲೆಲ್ಲಿಂದ ಬಂದವರು ಎಂಬುದರ ಪ್ರಕರಣ ಅಧ್ಯಯನ

2022ರ ಮಳೆಯನ್ನು ಬೆಂಗಳೂರಿನವರು ಯಾರೂ ಮರೆತಿರಲಿಕ್ಕಿಲ್ಲ. ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಮಹದೇವಪುರದ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಸಾಧಾರಣ ವರ್ಷದಲ್ಲಿ ಇಲ್ಲಿ ಬೀಳುವ ಮಳೆ 970 ಮಿಲಿಮೀಟರಿನ ಆಸುಪಾಸು. ಆ ವರ್ಷ ಅಕ್ಟೋಬರ್ ಮಧ್ಯಕ್ಕೇ 1,700 ದಾಟಿ, 2017ರ ದಾಖಲೆ ಮುರಿಯಿತು. ಊರೆಲ್ಲ ನೀರು. ಆದರೆ ಅದೇ ಬೇಸಿಗೆಯಲ್ಲಿ ನಾವು ಹೂಳೆತ್ತಿ, ಏರಿ ಗಟ್ಟಿ ಮಾಡಿ, ಫೋಟೋ ತೆಗೆಸಿಕೊಂಡಿದ್ದ ಕೆರೆ ಮಾತ್ರ ಮೂರರಲ್ಲಿ ಒಂದು ಪಾಲೂ ತುಂಬಲಿಲ್ಲ.

ಆ ಕೆರೆ ಇರುವುದು ಆನೇಕಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೆರೆಯಂಗಳ 22 ಎಕರೆ. ಸರಾಸರಿ ಐದು ಅಡಿ ನೀರು ನಿಂತರೆ ಹದಿಮೂರೂವರೆ ಕೋಟಿ ಲೀಟರ್ ಹಿಡಿಯುತ್ತದೆ. ಅದಕ್ಕೆ ನೀರು ಬರಬೇಕಾದ ಜಾಗ ಸುಮಾರು ಮೂರು ಚದರ ಕಿಲೋಮೀಟರ್. ಅಲ್ಲಿ ನಗರಕ್ಕಿಂತ ಮಳೆ ಕಡಿಮೆಯೇ ಬಿತ್ತು ಅಂದುಕೊಳ್ಳಿ, ಒಂದು ಮೀಟರ್ ಅಂತ ಹಿಡಿಯೋಣ. ಅಷ್ಟಕ್ಕೇ 300 ಕೋಟಿ ಲೀಟರ್ ಆಯಿತು. ಅದರಲ್ಲಿ ನೂರಕ್ಕೆ ಹತ್ತು ಪಾಲು ಹರಿದು ಬಂದಿದ್ದರೂ ಕೆರೆ ಎರಡು ಸಲ ತುಂಬಿ ಕೋಡಿ ಬೀಳಬೇಕಿತ್ತು. ಈ ಲೆಕ್ಕವನ್ನು ನಾವು ಕೆಲಸಕ್ಕೆ ಮುಂಚೆಯೇ ಮಾಡಿದ್ದೆವು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮತ್ತೆ ನೀರು ಎಲ್ಲಿಗೆ ಹೋಯಿತು?

ಉತ್ತರ ಹುಡುಕುತ್ತಾ ಹೋದವರು ಕೊನೆಗೆ ನಮ್ಮ ಹಾಜರಿ ಪುಸ್ತಕದ ಮುಂದೆ ಬಂದು ನಿಂತೆವು. ನಾನು ಕೆರೆಗಳನ್ನು ಸರಿಮಾಡುವ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕಾರ್ಯಕ್ರಮ ಸಂಯೋಜಕಿ. ನೀರು, ನೆಲದ ಕೆಲಸ ಮಾಡುವ ಬೇರೆ ಗುಂಪುಗಳಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು, ಹಳ್ಳಿಯ ಹೆಸರು, ಜನರ ಹೆಸರು ಬೇಕೆಂದೇ ಬಿಟ್ಟಿದ್ದೇನೆ.

ಆಗ ನಮ್ಮಲ್ಲಿ ಇದ್ದವರು

ಒಟ್ಟು ಹನ್ನೊಂದು ಜನ. ಸಂಸ್ಥೆ ಕಟ್ಟಿದವರು ಇಪ್ಪತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು, ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ ಸುದ್ದಿ ನೋಡಿ ಮನಸ್ಸು ಕೆಟ್ಟು, ಕೆಲಸ ಬಿಟ್ಟು ಬಂದವರು. ಇಬ್ಬರು ಸಿವಿಲ್ ಎಂಜಿನಿಯರ್‌ಗಳು. ಉಪಗ್ರಹ ಚಿತ್ರ, ಕಂಪ್ಯೂಟರ್ ನಕ್ಷೆ ನೋಡಿಕೊಳ್ಳಲು ಒಬ್ಬ ಹುಡುಗ, ಆ ವಿಷಯದಲ್ಲೇ ಎಂ.ಎಸ್ಸಿ. ಮಾಡಿದವನು. ಉದ್ಯಾನ, ನಡಿಗೆ ಹಾದಿಗಳ ವಿನ್ಯಾಸಕ್ಕೆ ಒಬ್ಬರು ಆರ್ಕಿಟೆಕ್ಟ್. ಹಳ್ಳಿ ಸುತ್ತಲು ಸಮಾಜಕಾರ್ಯ ಓದಿದ ಇಬ್ಬರು ಕ್ಷೇತ್ರ ಸಂಯೋಜಕರು. ಹಣ ತರಲು ಒಬ್ಬರು, ಬರೆಯಲು ಮತ್ತು ಫೋಟೋಗೆ ಒಬ್ಬರು, ಲೆಕ್ಕಕ್ಕೆ ಒಬ್ಬರು. ಮತ್ತು ನಾನು.

ಎಲ್ಲರೂ ಒಳ್ಳೆಯವರು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಭಾನುವಾರ ರಜೆ ಬಿಟ್ಟು ಕೆರೆ ದಂಡೆಯಲ್ಲಿ ಪ್ಲಾಸ್ಟಿಕ್ ಆರಿಸಿದವರು ಇವರು. ಹೆಚ್ಚು ಸಂಬಳ ಸಿಗುವ ಕಡೆ ಹೋಗಬಹುದಿತ್ತು, ಹೋಗಲಿಲ್ಲ. ಆದರೆ ನಾವು ಒಬ್ಬರನ್ನೊಬ್ಬರು ಹುಡುಕಿಕೊಂಡ ದಾರಿ ಒಂದೇ ಆಗಿತ್ತು. ಕೆಲಸ ಖಾಲಿ ಇದೆ ಅಂತ ಇಂಗ್ಲಿಷಿನಲ್ಲಿ ಪ್ರಕಟಣೆ, ಇಮೇಲ್‌ನಲ್ಲಿ ಅರ್ಜಿ, 'ಪದವಿ ಕಡ್ಡಾಯ' ಎಂಬ ಸಾಲು, ಜಯನಗರದ ಆಫೀಸಿನಲ್ಲಿ ಸಂದರ್ಶನ. ಈ ಜರಡಿಯಲ್ಲಿ ಯಾರು ಉಳಿಯುತ್ತಾರೋ ಅವರೇ ಉಳಿದಿದ್ದೆವು.

ಬಾಯಿ ಹೊಲಿದದ್ದು

ನವೆಂಬರ್‌ನಲ್ಲಿ ನಾನು, ಒಬ್ಬ ಎಂಜಿನಿಯರ್, ನಕ್ಷೆಯ ಹುಡುಗ ಮೂವರೂ ಹಳ್ಳಿಗೆ ಹೋದೆವು. ಅರಳಿಕಟ್ಟೆ ಹತ್ತಿರದ ಟೀ ಅಂಗಡಿಯಲ್ಲಿ ಒಬ್ಬರು ತಾತ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೆಲಸ ನಡೆಯುವಾಗಲೂ ಅವರನ್ನು ಏರಿಯ ಮೇಲೆ ಎಷ್ಟೋ ಸಲ ನೋಡಿದ್ದೆ. ಸುಮ್ನೆ ನಿಂತು ನೋಡಿ ಹೋಗುತ್ತಿದ್ದರು. ಅವತ್ತು ನಾನೇ ಕೇಳಿದೆ, "ತಾತ, ಇಷ್ಟು ಮಳೆ ಬಂದ್ರೂ ಕೆರೆ ಯಾಕೆ ತುಂಬಲಿಲ್ಲ?"

"ಹೊಟ್ಟೆ ದೊಡ್ಡದು ಮಾಡಿದ್ರಿ ಕಣಮ್ಮ," ಅಂದರು. "ಬಾಯಿ ಹೊಲ್ದಿತ್ತು, ಅದನ್ನ ಬಿಚ್ಚಲಿಲ್ಲ."

ಟೀ ಲೋಟ ಇಟ್ಟು ಎದ್ದು ನಡೆದರು. ನಾವು ಹಿಂದೆ ಹೋದೆವು. ಕೆರೆಯಿಂದ ಮೇಲಕ್ಕೆ ಮುಕ್ಕಾಲು ಗಂಟೆ ನಡಿಗೆ. ನೀಲಗಿರಿ ತೋಪು ದಾಟಿ, ಹೊಸ ಲೇಔಟಿನ ಕಾಂಪೌಂಡ್ ಪಕ್ಕ ಹಾದು, ಒಂದು ಟಾರು ರಸ್ತೆಯ ಹತ್ತಿರ ನಿಂತರು. ರಸ್ತೆಯನ್ನು ಆಳೆತ್ತರ ಮಣ್ಣು ತುಂಬಿ ಎತ್ತರಿಸಿದ್ದರು. ಅಡಿಯಲ್ಲಿ ಒಂದು ಸಿಮೆಂಟ್ ಪೈಪು. ಪೈಪಿನ ಬಾಯಿ ಕೆರೆಗೆ ನೀರು ತರುವ ಕಾಲುವೆಯ ತಳಕ್ಕಿಂತ ಎರಡು ಅಡಿ ಮೇಲಿತ್ತು, ಅರ್ಧ ಕಸ ಕಟ್ಟಿಕೊಂಡಿತ್ತು. ಮೇಲಿಂದ ಬಂದ ನೀರು ಅಲ್ಲಿ ನಿಂತು, ರಸ್ತೆ ಪಕ್ಕದ ಚರಂಡಿ ಹಿಡಿದು, ಬೇರೆಯೇ ಹಳ್ಳಕ್ಕೆ ಇಳಿದು ಹೋಗಿತ್ತು. ರಸ್ತೆಯ ಈಚೆ ಕಡೆ, ನಮ್ಮ ಕೆರೆಯ ದಿಕ್ಕಿನಲ್ಲಿ, ಕಾಲುವೆ ಇದ್ದ ಜಾಗದಲ್ಲಿ ಹುಲ್ಲು ಬೆಳೆದು ದನ ಮೇಯುತ್ತಿದ್ದವು.

ತಾತನ ಮನೆತನ ನೀರುಗಂಟಿಯದು. ಈ ಮಾತು ಗೊತ್ತಿಲ್ಲದ ಓದುಗರಿಗೆ ಒಂದೆರಡು ಸಾಲು. ಕೆರೆಯ ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನಲ್ಲಿ ಯಾವ ಗದ್ದೆಗೆ ಯಾವತ್ತು ಎಷ್ಟು ನೀರು ಅಂತ ಹಂಚುವವನು ನೀರುಗಂಟಿ. ಮುಂಗಾರಿಗೆ ಮುಂಚೆ ಕಾಲುವೆ ಉದ್ದಕ್ಕೂ ನಡೆದು ಎಲ್ಲಿ ಕಟ್ಟಿದೆ ನೋಡುವುದು, ಏರಿಯಲ್ಲಿ ಹೆಗ್ಗಣದ ಬಿಲ, ಹುತ್ತ ಎದ್ದಿದೆಯಾ ಅಂತ ಹುಡುಕುವುದು, ಮಳೆ ಜೋರಾದ ರಾತ್ರಿ ಕೋಡಿ ಹತ್ತಿರ ಕಾಯುವುದು, ಎಲ್ಲಾ ಅವನ ಪಾಲಿಗೆ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳಿನ ಪಾಲು, ಅದಕ್ಕೆ ಆಯ ಅನ್ನುತ್ತಾರೆ. ನಮ್ಮ ಕಡೆ ಈ ಕೆಲಸ ಮಾಡಿದವರು ಬಹುಮಟ್ಟಿಗೆ ದಲಿತ ಕುಟುಂಬದವರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಆಮೇಲೆ ಬೋರ್‌ವೆಲ್ ಬಂತು. ಗದ್ದೆಗೆ ಕೆರೆ ನೀರು ಬೇಡವಾದ ಮೇಲೆ ನೀರುಗಂಟಿ ಯಾರಿಗೆ ಬೇಕು? ಅವನು ಹೋದ ಮೇಲೆ ವರ್ಷಕ್ಕೊಮ್ಮೆ ಕಾಲುವೆ ಉದ್ದಕ್ಕೂ ನಡೆಯುವ ಕಾಲುಗಳೂ ಹೋದವು.

ನಕ್ಷೆಯ ಹುಡುಗನ ಮುಖ ಸಣ್ಣದಾಗಿತ್ತು. ಅವನದು ತಪ್ಪು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ನೆಲದ ಏರಿಳಿತಕ್ಕೆ ಅವನು ಬಳಸಿದ್ದು ಎಲ್ಲರಿಗೂ ಪುಕ್ಕಟೆ ಸಿಗುವ ಉಪಗ್ರಹದ ಮಾಹಿತಿ. ಅದರಲ್ಲಿ ಒಂದು ಚೌಕ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅಷ್ಟು ಜಾಗಕ್ಕೆ ಒಂದೇ ಎತ್ತರದ ಅಂಕಿ. ಎಂಟು ಮೀಟರ್ ಅಗಲದ ರಸ್ತೆ ಅದರೊಳಗೆ ಕರಗಿ ಹೋಗುತ್ತದೆ. ಪೈಪು ಎಲ್ಲಿ ಕಾಣಬೇಕು? ಕಂಪ್ಯೂಟರ್ ಪ್ರಕಾರ ನೀರು ಸಲೀಸಾಗಿ ಕೆರೆಗೆ ಬರುತ್ತಿತ್ತು. ಎಂಜಿನಿಯರ್‌ಗಳು ಆ ನಕ್ಷೆ ನಂಬಿ ಹೂಳಿನ ಪ್ರಮಾಣ ಲೆಕ್ಕ ಹಾಕಿದರು. ನಾನು ಅವರಿಬ್ಬರನ್ನೂ ನಂಬಿ ವರದಿ ಬರೆದೆ. ಮೇಲಿನಿಂದ ಕೆಳಗಿನವರೆಗೆ ಒಬ್ಬರಾದರೂ ಕಾಲುವೆ ಗುಂಟ ನಡೆದಿದ್ದರೆ ಸಾಕಿತ್ತು. ನಡೆಯಬೇಕು ಅಂತ ಹೊಳೆಯುವಂಥ ಬದುಕಿನಿಂದ ನಮ್ಮಲ್ಲಿ ಯಾರೂ ಬಂದಿರಲಿಲ್ಲ.

ಹೂಳು, ಬೇಲಿ

ಇನ್ನೆರಡು ತಪ್ಪು ಅದೇ ತಿಂಗಳು ಗೊತ್ತಾದವು. ತೆಗೆದ ಹೂಳನ್ನು ನಾವು ಕೆರೆ ನಡುವೆ ಹಕ್ಕಿಗಳಿಗೆ ಅಂತ ಒಂದು ದಿಬ್ಬ ಮಾಡಿ, ಉಳಿದದ್ದನ್ನು ನಡಿಗೆ ಹಾದಿಗೆ ಹಾಕಿಸಿದ್ದೆವು. ಆ ಹಳ್ಳಿಯ ರೈತರಿಗೆ ಕೆರೆಗೋಡು, ಅಂದರೆ ಈ ಹೂಳು, ಗೊಬ್ಬರವಿದ್ದಂತೆ. ರಾಗಿ ಹೊಲಕ್ಕೆ ಹೊಡೆದರೆ ಎರಡು ಮೂರು ವರ್ಷ ಮಣ್ಣು ತೇವ ಹಿಡಿಯುತ್ತದೆ. ಕೇಳಿದ್ದರೆ ಅವರೇ ಟ್ರ್ಯಾಕ್ಟರ್ ತಂದು ಹೊತ್ತುಕೊಂಡು ಹೋಗುತ್ತಿದ್ದರು, ನಮ್ಮ ಸಾಗಣೆ ಖರ್ಚೂ ಉಳಿಯುತ್ತಿತ್ತು. ಇನ್ನೊಂದು ಬೇಲಿ. ಕೆರೆ ಸುತ್ತ ತಂತಿ ಬೇಲಿ ಹಾಕಿಸಿ, ಕುರಿ ದನ ನೀರಿಗೆ ಇಳಿಯುವ ಜಾಗವನ್ನು ಮುಚ್ಚಿದ್ದೆವು. ಯಾರೋ ಮೂರು ಕಡೆ ಕತ್ತರಿಸಿದ್ದರು. 'ಕಿಡಿಗೇಡಿಗಳ ಕೃತ್ಯ' ಅಂತ ನಮ್ಮ ವರದಿಯಲ್ಲಿ ಬರೆದಿದ್ದೆವು. ಆ ಸಾಲು ಬರೆದದ್ದು ನಾನು. ದನಕ್ಕೆ ನೀರು ಕುಡಿಸಲು ದಾರಿ ಮಾಡಿಕೊಂಡವರನ್ನು ಕಿಡಿಗೇಡಿಗಳು ಅಂದೆನಲ್ಲ ಅಂತ ಇವತ್ತಿಗೂ ನೋವಾಗುತ್ತದೆ.

ಒಂದು ಹಾಳೆ

2023ರ ಜನವರಿಯಲ್ಲಿ ಎರಡು ದಿನ ಕೂತೆವು. ತಪ್ಪು ಯಾರದು ಅನ್ನುವ ಚರ್ಚೆ ಮೊದಲ ಒಂದು ಗಂಟೆಯಲ್ಲೇ ಸುಸ್ತಾಯಿತು. ಆಮೇಲೆ ಸಂಸ್ಥೆ ಕಟ್ಟಿದವರು ಪ್ರತಿಯೊಬ್ಬರಿಗೂ ಒಂದು ಬಿಳಿ ಹಾಳೆ ಕೊಟ್ಟರು. ಪದವಿ, ಹಿಂದಿನ ಕೆಲಸ ಬರೆಯಿರಿ, ಅದರ ಜೊತೆಗೆ ಹುಟ್ಟಿ ಬೆಳೆದ ಜಾಗ, ಮನೆಗೆ ನೀರು ಎಲ್ಲಿಂದ ಬರುತ್ತಿತ್ತು, ಮನೆಯವರು ಯಾರಾದರೂ ನೆಲದಲ್ಲಿ ದುಡಿದಿದ್ದಾರಾ, ಹಳ್ಳಿಯಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಇವನ್ನೂ ಬರೆಯಿರಿ ಅಂದರು.

ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಅರ್ಥಶಾಸ್ತ್ರ ಎಂ.ಎ., ಹನುಮಂತನಗರ, ನಲ್ಲಿ ನೀರು. ನೂರು ಕಿಲೋಮೀಟರ್ ಆಚೆಯ ಕಾವೇರಿಯಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತಂದ ನೀರು ಕುಡಿದು ಬೆಳೆದವಳು ನಾನು. ಯಾವ ದಿನ ನೀರು ಬಿಡುತ್ತಾರೆ ಅಂತ ಗೊತ್ತಿತ್ತು. ನೀರು ನಡೆದು ಬರುವ ದಾರಿ ಕಣ್ಣಿಗೆ ಬಿದ್ದಿರಲಿಲ್ಲ. ಹನ್ನೊಂದು ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಏಳರಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಇಬ್ಬರ ಅಜ್ಜಂದಿರು ರೈತರು, ಆದರೆ ಅಪ್ಪಂದಿರ ಕಾಲಕ್ಕೇ ಊರು ಬಿಟ್ಟಾಗಿತ್ತು. ಕ್ಷೇತ್ರ ಸಂಯೋಜಕರಲ್ಲಿ ಒಬ್ಬ ಹುಡುಗಿ ಮಾತ್ರ ಮಾಗಡಿ ಕಡೆಯವಳು, ಮನೆಯಲ್ಲಿ ಎರಡು ಎಕರೆ ರಾಗಿ. ಅವಳು ಮೆಲ್ಲಗೆ ಹೇಳಿದಳು, "ಹೂಳನ್ನ ರೈತರಿಗೆ ಕೊಡೋಣ ಅಂತ ನಾನು ಒಂದ್ಸಲ ಹೇಳಿದ್ದೆ ಮೇಡಂ. ಡ್ರಾಯಿಂಗ್ ಆಗಲೇ ಫೈನಲ್ ಆಗಿತ್ತು."

ಹೇಳಿದ್ದಳು ಹೌದು. ನನಗೂ ನೆನಪಾಯಿತು. ಸರಿಯಾದ ಹಿನ್ನೆಲೆಯವರು ಒಬ್ಬರು ಇದ್ದರೆ ಸಾಲದು, ಅವರ ಮಾತಿಗೆ ಡ್ರಾಯಿಂಗ್ ಬದಲಿಸುವಷ್ಟು ತೂಕ ಇರಬೇಕು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಈ ಸಣ್ಣ ಮಾತೇ.

ನಾವು ಹೀಗೆ ಒಂದೇ ಥರದವರು ಯಾಕೆ ಆದೆವು ಅನ್ನುವುದಕ್ಕೆ ಹಣದ ಕಾರಣವೂ ಇದೆ. ನಮಗೆ ಬರುವುದು ಬಹುಪಾಲು ಸಿಎಸ್‌ಆರ್ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಮಗೆ ಅದು ಒಂದು ವರ್ಷದ ಲೆಕ್ಕದಲ್ಲಿ ಬರುತ್ತಿತ್ತು. ಮಾರ್ಚ್ ಒಳಗೆ ಖರ್ಚು ಆಗಬೇಕು, ಕಣ್ಣಿಗೆ ಕಾಣಬೇಕು. ಜೆಸಿಬಿ ಕಾಣುತ್ತದೆ, ಲೋಡು ಎಣಿಸಬಹುದು, ಹಿಂದೆ ಮುಂದೆ ಎರಡು ಫೋಟೋ ಹಾಕಬಹುದು. ಒಬ್ಬ ಮನುಷ್ಯ ಆರು ತಿಂಗಳು ಕಾಲುವೆ ಸುತ್ತಿ, ಜನರ ಹತ್ತಿರ ಕೂತು ಮಾತಾಡಿದ್ದನ್ನು ಯಾವ ಕಾಲಂನಲ್ಲಿ ತೋರಿಸುವುದು? ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದು, ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದ ಮೇಲೆ ಸಂಬಳ ಅಂದರೆ ಎಲ್ಲಾ ಸಂಸ್ಥೆಗಳಿಗೂ ಒಂದು ಹೆದರಿಕೆ. ಹೀಗಾಗಿ ಇರುವ ನಾಲ್ಕು ಹುದ್ದೆಗೆ, ಕಾಗದದ ಮೇಲೆ ಚೆನ್ನಾಗಿ ಕಾಣುವ ಪದವಿಯವರನ್ನೇ ಹಾಕಿಕೊಳ್ಳುತ್ತೇವೆ.

ಸೇರಿಸಿಕೊಂಡವರು

ಮೊದಲು ಬಂದವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಒಬ್ಬರು ಸರ್ವೆಯರ್. ವಾರಕ್ಕೆ ಮೂರು ದಿನ. ಬಂದ ಮೊದಲ ದಿನವೇ ನಮ್ಮ ಬಣ್ಣದ ನಕ್ಷೆ ಪಕ್ಕಕ್ಕಿಟ್ಟು, "ಗ್ರಾಮ ನಕ್ಷೆ ಎಲ್ಲಿ? ಟಿಪ್ಪಣಿ ತೆಗೆಸಿದ್ದೀರಾ? ಆಕಾರಬಂದ್ ನೋಡಿದ್ದೀರಾ?" ಅಂದರು. ಟಿಪ್ಪಣಿ ಅಂದರೆ ಒಂದೊಂದು ಸರ್ವೆ ನಂಬರಿನ ಅಳತೆಯ ನಕ್ಷೆ, ಆಕಾರಬಂದ್ ಅಂದರೆ ಅದರ ವಿಸ್ತೀರ್ಣದ ದಾಖಲೆ. ಮೂರರಲ್ಲಿ ಒಂದೂ ನಮ್ಮ ಹತ್ತಿರ ಇರಲಿಲ್ಲ. ಹದಿನೈದು ದಿನದಲ್ಲಿ ತೆಗೆಸಿ ತಂದರು. ಹಳೆಯ ಗ್ರಾಮ ನಕ್ಷೆಯಲ್ಲಿ ನಮ್ಮ ಕಾಲುವೆ ಎರಡು ಗೆರೆಯಾಗಿ ಸ್ಪಷ್ಟವಾಗಿ ಇತ್ತು. ಅದು ಹಾದು ಹೋಗುವ ಸರ್ವೆ ನಂಬರ್‌ಗಳಲ್ಲಿ ಅಷ್ಟು ಜಾಗ 'ಬಿ' ಖರಾಬು ಅಂತ ದಾಖಲಾಗಿತ್ತು.

ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ ಅಂತ ಅಷ್ಟೇ ನಾವು ತಿಳಿದಿದ್ದೆವು. ಅವರು ಬಿಡಿಸಿ ಹೇಳಿದರು. 'ಎ' ಖರಾಬು ಆದರೆ ಹಿಡುವಳಿದಾರನದೇ, ಬಂಡೆಯೋ ಏನೋ ಇದ್ದು ಉಳಲು ಬಾರದ್ದು. 'ಬಿ' ಖರಾಬು ಸಾರ್ವಜನಿಕರದು: ಹಳ್ಳ, ಕಾಲುವೆ, ದಾರಿ. ಅದನ್ನು ಯಾರೂ ಮಾರುವಂತಿಲ್ಲ, ಮುಚ್ಚುವಂತಿಲ್ಲ. ಈ ಒಂದು ಅಕ್ಷರದ ವ್ಯತ್ಯಾಸ ಗೊತ್ತಿದ್ದರೆ ನಾವು ಹೂಳಿಗೆ ಕೈ ಹಾಕುವ ಮೊದಲು ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕುತ್ತಿದ್ದೆವು. ಅವರ ಬಾಯಲ್ಲಿ ಅಳತೆಯೂ ಬೇರೆ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ರೈತನ ಎದುರು 'ನೂರು ಚದರ ಮೀಟರ್' ಅಂದರೆ ಮಾತು ಅಲ್ಲೇ ನಿಲ್ಲುತ್ತದೆ. 'ಒಂದು ಗುಂಟೆ ಹೋಗಿದೆ ಸ್ವಾಮಿ' ಅಂದರೆ ಅವನು ಚಪ್ಪಲಿ ಮೆಟ್ಟಿ ಜೊತೆಗೆ ಬರುತ್ತಾನೆ. ಇದನ್ನು ಅವರ ಜೊತೆ ಹೋದಾಗೆಲ್ಲ ನೋಡಿದ್ದೇನೆ.

ಎರಡನೆಯವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಬಿ.ಎಸ್ಸಿ. ಕೃಷಿ ಓದಿದ, ದೊಡ್ಡಬಳ್ಳಾಪುರದ ರೈತರ ಮನೆಯ ಹುಡುಗಿ. ಹೂಳು ಪರೀಕ್ಷೆ ಮಾಡಿಸಿ, ಯಾವ ಹೊಲಕ್ಕೆ ಎಷ್ಟು ಲೋಡು ಅಂತ ಪಟ್ಟಿ ಮಾಡಿ, ಹಾಲಿನ ಡೇರಿಯ ಗೋಡೆಗೆ ಅಂಟಿಸಿ ಬಂದಳು. ಮುಂದಿನ ಎರಡು ಕೆರೆಗಳ ಹೂಳು ಪೂರ್ತಿ ರೈತರ ಹೊಲಕ್ಕೇ ಹೋಯಿತು. ಬೇಲಿಯ ವಿಷಯವನ್ನೂ ಅವಳೇ ದನ ಮೇಯಿಸುವವರ ಜೊತೆ ಕೂತು ಬಗೆಹರಿಸಿದಳು. ಈಗ ಅಲ್ಲಿ ಕಲ್ಲು ಹಾಸಿದ ಇಳಿಜಾರು ಇದೆ.

ಬಾವಿ ತೋಡುವ ಮಣ್ಣು ವಡ್ಡರ ಸಮುದಾಯದ ಒಬ್ಬರನ್ನು ತಿಂಗಳ ಸಂಬಳಕ್ಕೆ ಕರೆದೆವು. ಇದು ಕೂಡಿಬರಲಿಲ್ಲ. ನಗರದಲ್ಲಿ ಇಂಗು ಬಾವಿಗೆ ಬೇಡಿಕೆ ಬಂದ ಮೇಲೆ ಅವರಿಗೆ ಕೈತುಂಬ ಕೆಲಸ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಒಂದು ಇಂಗು ಬಾವಿ ಒಂದು ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ಅದನ್ನು ಇಬ್ಬರು ಮೂವರು ಸೇರಿ ಕೆಲವೇ ದಿನದಲ್ಲಿ ತೋಡಿ, ರಿಂಗು ಇಳಿಸಿ, ನಮ್ಮ ತಿಂಗಳ ಸಂಬಳದ ದೊಡ್ಡ ಪಾಲು ದುಡಿಯುತ್ತಾರೆ. ಎರಡು ತಿಂಗಳಿಗೆ ಬಿಟ್ಟು ಹೋದರು. ನಮಗೆ ಬೇಸರವಾಯಿತು, ಅವರ ನಿರ್ಧಾರ ಸರಿಯೇ. ಈಗ ಬಾವಿ ಜಾಗ ನೋಡಬೇಕಾದಾಗ ದಿನದ ಲೆಕ್ಕದಲ್ಲಿ ಕರೆಯುತ್ತೇವೆ, ಎಂಜಿನಿಯರ್ ಸಲಹೆಗಾರರಿಗೆ ಕೊಡುವ ದರವನ್ನೇ ಕೊಡುತ್ತೇವೆ.

ಮತ್ತೆ ತಾತನ ಮಗ. ವಯಸ್ಸು ನಲವತ್ತು ದಾಟಿದೆ. ಎಸ್ಸೆಸ್ಸೆಲ್ಸಿ ಫೇಲು. ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದರು, ರಾತ್ರಿ ಪಾಳಿ. ಅಲ್ಲಿ ಬರುವ ಟ್ಯಾಂಕರ್ ನೀರಿನ ಲೆಕ್ಕ ಬರೆಯುವುದು ಅವರ ಕೆಲಸವಾಗಿತ್ತು. ಚಿಕ್ಕಂದಿನಿಂದ ಅಪ್ಪನ ಜೊತೆ ಕಾಲುವೆ ಸುತ್ತಿದವರು. ಅವರನ್ನು ತೆಗೆದುಕೊಳ್ಳಬೇಕು ಅನ್ನುವುದಕ್ಕೆ ಯಾರದೂ ಆಕ್ಷೇಪ ಇರಲಿಲ್ಲ. ಯಾವ ಹುದ್ದೆ, ಎಷ್ಟು ಸಂಬಳ ಅಂದಾಗ ಮಾತು ಬಿಗಿಯಾಯಿತು. 'ಸಹಾಯಕ' ಅಂತ ಹಾಕೋಣ, ಪದವಿ ಇಲ್ಲವಲ್ಲ ಅಂತ ಒಬ್ಬರು. ಕಂಪನಿಯ ಅರ್ಜಿಯಲ್ಲಿ ವಿದ್ಯಾರ್ಹತೆಯ ಕಾಲಂ ಇದೆ, ಖಾಲಿ ಬಿಟ್ಟರೆ ಪ್ರಶ್ನೆ ಬರುತ್ತದೆ ಅಂತ ಇನ್ನೊಬ್ಬರು. ಮೂರು ಸಭೆ ಆಯಿತು. ಕೊನೆಗೆ ಸಮಾಜಕಾರ್ಯ ಓದಿದ ಕ್ಷೇತ್ರ ಸಂಯೋಜಕರಿಗೆ ಕೊಡುವಷ್ಟೇ ಸಂಬಳ ಅಂತ ತೀರ್ಮಾನವಾಯಿತು. ಇದಕ್ಕೆ ಗಟ್ಟಿಯಾಗಿ ನಿಂತವಳು ಮಾಗಡಿಯ ಆ ಹುಡುಗಿ. ಅವಳದೂ ಅದೇ ಸಂಬಳ.

ಹುದ್ದೆಯ ಹೆಸರು 'ನೀರುಗಂಟಿ' ಅಂತಲೇ ಇರಲಿ, ಎಷ್ಟು ಚೆಂದದ ಮಾತು ಅಂತ ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಅವರನ್ನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮಪ್ಪನಿಗೆ ಆ ಹೆಸರಿಗೆ ಕಾಳು ಬರ್ತಿತ್ತು ಮೇಡಂ. ಕಣದ ಹೊರಗೆ ನಿಂತು ಇಸ್ಕೋಬೇಕಿತ್ತು. ನನ್ನ ಕಾರ್ಡ್ ಮೇಲೆ ಬೇರೆ ಏನಾದ್ರೂ ಬರೀರಿ."

ಆ ಪದದ ಚೆಂದ ನನಗೆ ಪುಸ್ತಕದಿಂದ ಬಂದದ್ದು. ಅದರ ಭಾರ ಅವರ ಮನೆಯದು. ಅವರೇ ಆರಿಸಿಕೊಂಡ ಹೆಸರು 'ಕಾಲುವೆ ಮೇಲ್ವಿಚಾರಕ'. ಗುರುತಿನ ಚೀಟಿಯಲ್ಲಿ ಈಗ ಅದೇ ಇದೆ. ಅರ್ಜಿಯ ವಿದ್ಯಾರ್ಹತೆ ಕಾಲಂನಲ್ಲಿ ನಾನು ಬರೆದದ್ದು: 'ಆನೇಕಲ್ ತಾಲ್ಲೂಕಿನ ಕೆರೆ ಕಾಲುವೆಗಳ ಮೂವತ್ತು ವರ್ಷಗಳ ನೇರ ಪರಿಚಯ'. ಕಂಪನಿಯಿಂದ ಒಬ್ಬರು ಫೋನ್ ಮಾಡಿ ಕೇಳಿದರು. ಬನ್ನಿ, ಒಂದು ಬೆಳಗ್ಗೆ ಇವರ ಜೊತೆ ನಡೆಯಿರಿ ಅಂದೆ. ಬಂದರು, ನಡೆದರು. ಮುಂದಿನ ವರ್ಷದ ಬಜೆಟ್‌ನಲ್ಲಿ ಆ ಸಂಬಳಕ್ಕೆ ಒಪ್ಪಿಗೆ ಸಿಕ್ಕಿತು.

ಬಾಟಲಿಯ ನೀರು

ಓದಿದವರನ್ನು ಬಿಟ್ಟು ಹಳ್ಳಿಯವರನ್ನು ತುಂಬಿಕೊಂಡರೆ ಎಲ್ಲಾ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಯಾರಾದರೂ ಓದಿಕೊಂಡರೆ ಬರೆದದ್ದು ವ್ಯರ್ಥ. ಅದಕ್ಕೇ ಈ ಒಂದು ಘಟನೆ ಹೇಳಬೇಕು.

ಮುಂದೆ ಕೆರೆಗೆ ನೀರು ಬಂದ ಮೇಲೆ ಏರಿಯ ಹಿಂಬದಿ ಬುಡದಲ್ಲಿ ನೀರು ಜಿನುಗುತ್ತಿತ್ತು. "ಅದು ಮೊದಲಿನಿಂದ ಹಾಗೇ, ಏನೂ ಆಗಲ್ಲ," ಅಂದರು ಕಾಲುವೆ ಮೇಲ್ವಿಚಾರಕರು. ಅವರ ಅಪ್ಪನೂ ಅದನ್ನೇ ಹೇಳಿದರು. ನಮ್ಮ ಹಿರಿಯ ಎಂಜಿನಿಯರ್‌ಗೆ ಸಮಾಧಾನವಾಗಲಿಲ್ಲ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜವೇ. ತಿಳಿನೀರು ಬಂದರೆ ಚಿಂತೆಯಿಲ್ಲ. ಮಣ್ಣು ಕಲಸಿದ ನೀರು ಬಂದರೆ ಏರಿಯ ಹೊಟ್ಟೆಯೊಳಗೆ ಸಣ್ಣ ಕೊಳವೆ ಕೊರೆಯುತ್ತಿದೆ ಅಂತ ಅರ್ಥ. ಅದು ದೊಡ್ಡದಾಗುತ್ತಾ ಹೋಗಿ ಒಂದು ರಾತ್ರಿ ಏರಿಯೇ ಒಡೆಯಬಹುದು. ಅವರು ಒಂದು ಖಾಲಿ ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಆಫೀಸಿನ ಮೇಜಿನ ಮೇಲಿಟ್ಟರು. ಬೆಳಗ್ಗೆ ನೋಡಿದರೆ ತಳದಲ್ಲಿ ಬೆರಳು ದಪ್ಪ ಕೆಸರು. ವಾರಕ್ಕೊಮ್ಮೆ ಹಿಡಿದರು, ನಾಲ್ಕು ವಾರ. ಕೆಸರು ಹೆಚ್ಚುತ್ತಾ ಬಂತು.

ನಾಲ್ಕು ಬಾಟಲಿ ಸಾಲಾಗಿ ಇಟ್ಟು ತೋರಿಸಿದಾಗ ತಾತ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನಮ್ಮ ಕಾಲದಲ್ಲಿ ಇಷ್ಟು ಬರ್ತಿರಲಿಲ್ಲ. ಇದು ಹೊಸದು," ಅಂದರು. ಆಮೇಲೆ ಒಂದು ಜಾಗ ತೋರಿಸಿದರು. ಅಲ್ಲಿ ಹಿಂದೆ ಒಂದು ದೊಡ್ಡ ಹುಣಸೆ ಮರ ಇತ್ತಂತೆ, ಕಡಿದು ವರ್ಷಗಳಾಗಿವೆ. ಬೇರು ಕೊಳೆತು ಒಳಗೆ ಪೊಳ್ಳಾಗಿರಬೇಕು. ಅಗೆದರೆ ಅಲ್ಲೇ ಇತ್ತು. ಅಪಾಯ ಇದೆ ಅಂತ ಗುರುತಿಸಿದ್ದು ಓದು. ಎಲ್ಲಿದೆ ಅಂತ ತೋರಿಸಿದ್ದು ನೆನಪು. ಜೇಡಿಮಣ್ಣು ತುಂಬಿ ಗಟ್ಟಿಸಿ, ಬುಡದಲ್ಲಿ ಮರಳು ಜಲ್ಲಿಯ ಸೋಸುಪದರ ಹಾಕಿದ್ದು ಮತ್ತೆ ಎಂಜಿನಿಯರ್‌ಗಳೇ.

ಇಷ್ಟಾದರೂ ಎಲ್ಲರೂ ಉಳಿಯಲಿಲ್ಲ. ಆರ್ಕಿಟೆಕ್ಟ್ ಬಿಟ್ಟು ಹೋದರು. ತಮ್ಮ ಕೆಲಸಕ್ಕೆ ಈಗ ಇಲ್ಲಿ ಬೆಲೆ ಇಲ್ಲ ಅಂತ ಅವರಿಗೆ ಅನ್ನಿಸಿತು. ಹಾಗೆ ಅನ್ನಿಸದಂತೆ ನಾವು ನೋಡಿಕೊಳ್ಳಬಹುದಿತ್ತು. ಸಂಬಳದ ಬಗ್ಗೆ ನಡೆದ ಆ ಮೂರು ಸಭೆಗಳಲ್ಲಿ ಕೆಲವರು ಆರ್ಕಿಟೆಕ್ಟ್ ಮುಖಕ್ಕೇ ಆಡಿದ ಮಾತು ಸರಿಯಿರಲಿಲ್ಲ, ನಾನು ತಡೆಯಲಿಲ್ಲ.

ಈಗ

ಕಾಲುವೆಯ ಕೆಲಸಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಹದ್ದುಬಸ್ತು ಅರ್ಜಿ, ತಹಶೀಲ್ದಾರ್ ಕಚೇರಿಗೆ ಓಡಾಟ, ಗ್ರಾಮ ಪಂಚಾಯಿತಿಯ ಠರಾವು, ಲೇಔಟಿನವರ ಜೊತೆ ಮಾತುಕತೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಯಾವ ಬಾಗಿಲು ಬಡಿಯಬೇಕು ಅಂತ ಸರ್ವೆಯರ್‌ಗೆ ಮೊದಲೇ ಗೊತ್ತಿದ್ದರಿಂದ ನಮಗೆ ಎಷ್ಟೋ ತಿಂಗಳು ಉಳಿಯಿತು. ಪೈಪು ತೆಗೆದು, ಕಾಲುವೆ ತಳದ ಮಟ್ಟಕ್ಕೆ ಚೌಕಾಕಾರದ ಮೋರಿ ಕಟ್ಟಿದರು.

2023ರಲ್ಲಿ ಮಳೆಯೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿ, ಟ್ಯಾಂಕರ್ ಹಿಂದೆ ಜನ ಓಡಿದ್ದು ನಿಮಗೂ ನೆನಪಿರಬೇಕು. ಆ ಎರಡು ಬೇಸಿಗೆ ನಮ್ಮ ಕೆರೆಯಂಗಳ ಬಿರುಕು ಬಿಟ್ಟುಕೊಂಡೇ ಇತ್ತು. 2024ರ ಅಕ್ಟೋಬರ್ ಮಳೆಗೆ ಕಾಲುವೆಯಲ್ಲಿ ನೀರು ಬಂತು. ಮೇಲ್ವಿಚಾರಕರು ರಾತ್ರಿ ಹನ್ನೊಂದು ಗಂಟೆಗೆ ವಿಡಿಯೋ ಕಳಿಸಿದರು. ಕತ್ತಲಲ್ಲಿ ಟಾರ್ಚ್ ಬೆಳಕು, ಮೋರಿಯೊಳಗಿಂದ ಕೆಂಪು ನೀರಿನ ಸದ್ದು, ಮಾತಿಲ್ಲ. ಕೆರೆ ಮುಕ್ಕಾಲು ತುಂಬಿತು. ಕೋಡಿ ಬೀಳಲಿಲ್ಲ. ಮೇಲೆ ಇನ್ನೂ ಎರಡು ಕಡೆ ಕಾಲುವೆ ಕಟ್ಟಿದೆ, ಅದರ ಕೆಲಸ ನಡೆಯುತ್ತಿದೆ.

ಸಿಬ್ಬಂದಿ ಈಗ ಹದಿಮೂರು. ಗೋಡೆಯ ಮೇಲೆ ಅಂಟಿಸಿದ ಹಾಳೆಗಳನ್ನು ತೆಗೆದಿಲ್ಲ, ಹೊಸಬರು ಬಂದ ವಾರವೇ ಬರೆದು ಸೇರಿಸುತ್ತಾರೆ. ಖಾಲಿ ಜಾಗಗಳೂ ಅಲ್ಲೇ ಕಾಣುತ್ತವೆ. ಮನೆಗೆ ನೀರು ಹೊತ್ತು ತಂದ ಹೆಂಗಸು ಒಬ್ಬರೂ ನಮ್ಮಲ್ಲಿಲ್ಲ. ಮೀನು ಹಿಡಿಯುವವರಿಲ್ಲ. ಕುರಿ ಕಾಯ್ದವರಿಲ್ಲ.

ಹೋದ ತಿಂಗಳು ಒಂದು ಕ್ಷೇತ್ರ ಹುದ್ದೆಗೆ ಕರೆ ಕೊಟ್ಟೆವು. ಇಮೇಲ್ ಬಿಟ್ಟು, ಕನ್ನಡದಲ್ಲಿ ಒಂದು ಹಾಳೆ ಬರೆದು ಪಂಚಾಯಿತಿ ಬೋರ್ಡ್, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗೆ ಅಂಟಿಸಿದೆವು. 'ಪದವಿ ಕಡ್ಡಾಯ' ಎಂಬ ಸಾಲು ತೆಗೆದು, 'ನಿಮ್ಮ ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಹೇಳಿ' ಅಂತ ಹಾಕಿದೆವು. ಏಳು ಅರ್ಜಿ ಬಂದವು. ಎಂಟನೆಯದು ಫೋನಿನಲ್ಲಿ. ಒಬ್ಬಾಕೆ, ಬರೆಯೋಕೆ ಬರಲ್ಲ ಅಕ್ಕ, ಹೇಳ್ತೀನಿ ಬರ್ಕೊಳ್ಳಿ ಅಂದರು. ನಾನು ಪೆನ್ನು ತೆಗೆದುಕೊಂಡೆ. ಗುಡ್ಡದ ಬುಡದ ಕುಂಟೆಯಿಂದ ಶುರುಮಾಡಿ, ಯಾರ ಹೊಲದ ಬದು, ಎಲ್ಲಿ ತಿರುವು, ಎಲ್ಲಿ ಮೋರಿ ಅಂತ ಒಂದೊಂದೇ ಹೇಳುತ್ತಾ ಹೋದರು. ಎರಡು ಪುಟ ಆಯಿತು. ಬುಧವಾರ ಸಂದರ್ಶನ, ಅವರ ಊರಿನಲ್ಲೇ.